ಸಿಪ್ಪೆಯ ಕಲೆ

ಡ್ರಮ್ಮಿನ ಮುಚ್ಚಳ ತೆಗೆದ ಜಿನಶ್ರೀ ಹಾಗೇ ನಿಂತುಬಿಟ್ಟಳು. ಒಳಗೆ ಬರೀ ಕಪ್ಪು ನೀರು! ನಾರು ಎಲ್ಲಿ?

ಅಡಿಕೆ ಸಿಪ್ಪೆಯನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ, ಅದನ್ನು ಗಟ್ಟಿ ಹಿಡಿದಿರುವ ಲಿಗ್ನಿನ್ ಎಂಬ ಅಂಟು ಕರಗಿ ಕಪ್ಪು ನೀರಾಗುತ್ತದೆ, ಮೆತ್ತನೆಯ ನಾರು ಉಳಿಯುತ್ತದೆ. ಆ ನಾರಿನಿಂದ ಇಂಧನ ಮಾಡಬಹುದು. ರಸ್ತೆ ಬದಿ ಕೊಳೆಯುವ ಸಿಪ್ಪೆಗೊಂದು ಗತಿ ಕಾಣಿಸುತ್ತೇನೆಂದು ಜಿನಶ್ರೀ ಸಾಗರದ ಈ ಶೆಡ್ಡಿನಲ್ಲಿ ವರ್ಷಗಟ್ಟಲೆ ಹೆಣಗಿದ್ದಳು. ಕೊನೆಗೂ ಹದ ಸಿಕ್ಕಿ, ನಿನ್ನೆ ಬೆಳಿಗ್ಗೆ ಬೇಯಿಸಿದ ನಾರು ಈ ಡ್ರಮ್ಮಿನಲ್ಲಿತ್ತು. ಮಧ್ಯಾಹ್ನ ಕಂಪನಿಯವರು ನೋಡಲು ಬರುವವರಿದ್ದರು. ತೋರಿಸಲು ನಾರಿಲ್ಲ ಅಂದರೆ ಶೆಡ್ಡಿಗೆ ಬೀಗವೇ ಸೈ.

ಸಬ್ ಇನ್‌ಸ್ಪೆಕ್ಟರ್ ಸುಮನಾ ದೂರು ಕೇಳಿ ಬಂದವರೇ ಬಾಗಿಲು ನೋಡಿದರು. ಬೀಗ ಒಡೆದಿರಲಿಲ್ಲ.

"ಕೀಲಿ ಯಾರ‍್ಯಾರ ಹತ್ರ ಇದೆ?"

"ನನ್ನ ಹತ್ರ, ಸಿಪ್ಪೆ ತರೋ ಶ್ರೀರಂಗನ ಹತ್ರ, ಅಪೇಕ್ಷಾ ಹತ್ರ. ಅಪೇಕ್ಷಾ ನನ್ನ ಪಾರ್ಟ್ನರ್ ಮೇಡಂ. ಕಾಲೇಜಿಂದ ಒಂದೇ ತಟ್ಟೇಲಿ ಉಂಡವ್ರು ನಾವು. ಅವಳನ್ನ ಬಿಡಿ. ಈ ಶ್ರೀರಂಗ ಮೊನ್ನೆ ನನ್ನ ಹತ್ರ ಜಗಳ ಆಡಿದ್ದ."

"ಜಗಳ ಆಡ್ದೆ, ನಿಜ," ಬಾಗಿಲಲ್ಲೇ ನಿಂತಿದ್ದ ಶ್ರೀರಂಗ ಮುಂದೆ ಬಂದ. "ಕದೀತೀನಾ? ನಿನ್ನೆ ಪೂರ್ತಿ ಮನೇಲಿ ಅಡಿಕೆ ಸುಲೀತಿದ್ದೆ, ನೋಡಿ." ಕಪ್ಪು ಹಿಡಿದ ಅಂಗೈಗಳನ್ನು ಚಾಚಿದ. ಜಿನಶ್ರೀ ಅವನನ್ನು ದುರುಗುಟ್ಟಿ ನೋಡಿದಳು.

ಅಷ್ಟರಲ್ಲಿ ಅಪೇಕ್ಷಾ ಓಡೋಡಿ ಬಂದಳು. ಗೆಳತಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ನಿನ್ನೆ ನೀವೆಲ್ಲಿದ್ರಿ?" ಸುಮನಾ ಕೇಳಿದರು.

"ನಿಟ್ಟೂರಲ್ಲಿ, ನಮ್ಮನೇಲಿ. ವಾರದಿಂದ ಅಡಿಕೆ ಸುಲಿದೂ ಸುಲಿದೂ ಸಾಕಾಗಿದೆ. ಇವಳು ಫೋನ್ ಮಾಡಿದ್ಮೇಲೇ ಬಸ್ ಹತ್ತಿದ್ದು."

"ಡ್ರಮ್ ಮುಟ್ಟಿಲ್ವಾ?"

"ಅಯ್ಯೋ, ಇಲ್ಲ ಮೇಡಂ! ನನ್ನ ಕೈ ಶುದ್ಧ ಇದೆ!" ಅಪೇಕ್ಷಾ ಎರಡೂ ಕೈ ಮುಂದೆ ಹಿಡಿದಳು.

"ಹೌದು, ಒಂದು ಕೈ ಶುದ್ಧ ಇದೆ," ಸುಮನಾ ಮೆಲ್ಲಗೆ ಅಂದರು. "ಅದೇ ನಂಗೆ ಅರ್ಥ ಆಗ್ಲಿಲ್ಲ. ನಾನೂ ಅಡಿಕೆ ಸುಲಿದು ಬೆಳೆದೋಳೇ. ಎಂಥ ಸೋಪಿಗೂ ಹೋಗದ ಕಲೆ ಅದು. ನಿಮ್ಮ ಎಡಗೈ ಕಪ್ಪಿದೆ. ಬಲಗೈ ಮಾತ್ರ ಮಣಿಕಟ್ಟಿನ ತನಕ ಬಿಳಿಚಿ, ಬೆರಳ ತುದಿ ಸುಲಿದಿದೆ. ಯಾವುದ್ರಲ್ಲಿ ಅದ್ದಿದ್ರಿ?"

ಅಪೇಕ್ಷಾ ಕೈ ಹಿಂದಕ್ಕೆಳೆದುಕೊಂಡಳು.

ಜಿನಶ್ರೀ ತನ್ನ ಚೀಲ ತೆರೆದು ನೋಡಿದಳು. ನಿನ್ನೆ ಮನೆಗೆ ಒಯ್ದಿದ್ದ, ಶೆಡ್ಡಿನ ಒಂದೇ ಜೊತೆ ಗ್ಲೌಸ್ ಅಲ್ಲೇ ಇತ್ತು. ನಾರು ಬಾಚಿದವರು ಬರಿಗೈ ಹಾಕಿರಲೇಬೇಕು. ಸಿಪ್ಪೆಯ ಬಣ್ಣ ಇಳಿಸುವ ಕಾಸ್ಟಿಕ್ ನೀರು ಕೈಯ ಕಲೆಯನ್ನು ಬಿಡುತ್ತದೆಯೇ?

"ಯಾಕೆ ಕಣೇ?"

"ಎಲ್ಲಿ ಹೋದ್ರೂ ಜಿನಶ್ರೀ, ಜಿನಶ್ರೀ!" ಅಪೇಕ್ಷಾ ಸಿಡಿದಳು. "ನಿನ್ನ ಜೊತೆ ಹಗಲೂ ರಾತ್ರಿ ಸಿಪ್ಪೆ ಬೇಯಿಸಿದ ನನ್ನ ಹೆಸರು ಯಾರು ಹೇಳಿದ್ರು? ಬೇರೆ ಕಂಪನಿಯವ್ರು ನನ್ನ ಹೆಸರಲ್ಲೇ ಇಂಧನ ಮಾಡ್ತೀವಿ ಅಂದ್ರು. ನಾರು ಅವ್ರಿಗೆ ಕಳಿಸ್ದೆ."

"ನೆಚ್ಚಿದ ಎಮ್ಮೆ ಕೋಣ ಈಯ್ತು," ಶ್ರೀರಂಗ ಗೊಣಗಿದ. ಅವನ ಮುಖ ನೋಡಲು ಜಿನಶ್ರೀಗೆ ನಾಚಿಕೆಯಾಯಿತು.

ಹೊಡೆದುಬಿಡುವಷ್ಟು ಸಿಟ್ಟಿತ್ತು. ಆದರೂ ಅಪೇಕ್ಷಾಳ ಬಲಗೈ ಹಿಡಿದೆಳೆದು ನಲ್ಲಿಯ ಕೆಳಗಿಟ್ಟಳು.

"ತೊಳ್ಕೋ. ಕಾಸ್ಟಿಕ್ಕು, ಇನ್ನೂ ಸುಡತ್ತೆ," ಎಂದಳು. "ತೊಳೆದಾದ್ಮೇಲೆ ಕೀಲಿ ಇಲ್ಲಿಟ್ಟು ಮೇಡಂ ಜೊತೆ ಹೋಗು. ಇನ್ನು ನನ್ನ ತಬ್ಬೋಕೆ ಬರಬೇಡ."