ಹುಟ್ಟುಹಬ್ಬದ ಸೆಲ್ಫಿ

"ಮೊಬೈಲ್ ಹೊರಗಿಟ್ಟು ಬರ್ರಿ. ಇದು ಡಿಸೈನ್ ಕೋಣಿ."

ಕೆಲಸದ ಮೊದಲ ದಿನ, ಮೊದಲ ಮಾತು! ಸರಿತಾ ಕಣ್ಣರಳಿಸಿದಳು. ಬನಹಟ್ಟಿಯ ಶಿದ್ರಾಮಪ್ಪನವರ ಸೀರೆ ಕಾರ್ಖಾನೆಯಲ್ಲಿ ಅವಳು ಸೀರೆಯ ದಡಿಗೆ, ಅಂದರೆ ಅಂಚಿಗೆ, ಡಿಸೈನ್ ಬರೆಯುವಾಕೆ. ಹೀಗಂದ ಸಿದ್ದಾರ್ಥ, ಮಗ್ಗ ಅದೇ ಡಿಸೈನ್ ನೇಯುವಂತೆ ಕಾರ್ಡಿಗೆ ತೂತು ಹೊಡೆಯುವವ.

"ಸಾಹುಕಾರ್ರು ನೀವೋ, ಶಿದ್ರಾಮಪ್ಪನವರೋ?"

ಅವನು ಕಾರ್ಡಿನ ಕಡೆ ತಿರುಗಿದ. ಕಿವಿ ಮಾತ್ರ ಕೆಂಪಾದವು.

ಮೊಬೈಲನ್ನು ಅವಳು ಬಿಡಲಿಲ್ಲ. ಬೀಳಗಿಯ ಮನೆ ಬಿಟ್ಟು ಬಾಡಿಗೆ ಕೋಣೆಯಲ್ಲಿದ್ದವಳಿಗೆ ಫೇಸ್‌ಬುಕ್ಕಿನಲ್ಲಿ ನಾನೂರು ಗೆಳೆಯರು, ಬನಹಟ್ಟಿಯಲ್ಲಿ 'ಉಂಡ್ಯಾ?' ಅನ್ನಲು ಒಬ್ಬರೂ ಇರಲಿಲ್ಲ. ಹುಟ್ಟುಹಬ್ಬದ ದಿನ ಸಿದ್ದಾರ್ಥ ಚಹಾಕ್ಕೆ ಹೋದಾಗ, ಡಿಸೈನ್ ಕೋಣೆಯ ಕುರ್ಚಿಯಲ್ಲೇ ಕೂತು ನಕ್ಕು ಫೇಸ್‌ಬುಕ್ಕಿಗೆ ಸೆಲ್ಫಿ ಹಾಕಿದಳು.

ಅದಾಗಿ ಹನ್ನೆರಡನೇ ದಿನ, ದೀಪಾವಳಿಗೆಂದು ಗುಟ್ಟಾಗಿಟ್ಟಿದ್ದ ಅವಳ ಹೊಸ ದಡಿ ಮಹಾಲಿಂಗಪುರದ ಅಂಗಡಿಯಲ್ಲಿ ನೇತಾಡುತ್ತಿತ್ತು... ಬೇರೆಯವರ ಚೀಟಿ ಹಚ್ಚಿಕೊಂಡು!

"ಅದನ್ನ ನೋಡಿದವರು ನೀವಿಬ್ಬರ. ಹಡೆದಾಕಿ ತನ್ನ ಕೂಸು ತಾ ಮಾರೂದಿಲ್ಲ," ಎಂದರು ಶಿದ್ರಾಮಪ್ಪ. "ಸಿದ್ದಾರ್ಥ, ನಾಳಿಂದ ಬರಬ್ಯಾಡ."

ಅವನು ತುಟಿ ಬಿಚ್ಚದೆ ಹೋದ. 'ಸುಮ್ಮನಿದ್ದಾನಂದ್ರ ಇವನ ಕಳ್ಳ,' ಎಂದುಕೊಂಡಳು ಸರಿತಾ. ಆದರೂ... ಖಾಲಿ ಬಿದ್ದ ಅವನ ಮೇಜು ನೋಡಿದರೆ ತುತ್ತು ಇಳಿಯುತ್ತಿರಲಿಲ್ಲ. ನಾನೂರು ಮಂದಿಯಲ್ಲಿ ಇದನ್ನು ಯಾರಿಗೆ ಹೇಳುವುದು?

ವಾರದ ಮೇಲೆ ಒಂದು ಮಧ್ಯಾಹ್ನ, ಬೇಸರಕ್ಕೆ ತನ್ನದೇ ಸೆಲ್ಫಿಗೆ ಬಂದ ಲೈಕ್ ನೋಡುತ್ತ ಕೂತಳು. ಸಿದ್ದಾರ್ಥನ ಹೆಸರು! ಇದರಲ್ಲಿ ಇವನು ಏನು ನೋಡಿದ್ದ? ಫೋಟೋ ದೊಡ್ಡದು ಮಾಡಿದಳು. ಭುಜದ ಹಿಂದೆ ಕಂಪ್ಯೂಟರ್ ಪರದೆ. ಪರದೆ ತುಂಬ ಅದೇ ದಡಿ, ಒಂದೊಂದೇ ಚೌಕ ಎಣಿಸುವಷ್ಟು ಸ್ಪಷ್ಟ.

'ಅಯ್ಯೋ... ನಾನ ಊರಿಗೆಲ್ಲ ತೋರಿಸೇನಿ!'

ಫೋನು ಹಿಡಿದು ನೇರ ಸಾಹುಕಾರರ ಮುಂದೆ ನಿಂತಳು. ಶಿದ್ರಾಮಪ್ಪ ಕನ್ನಡಕ ಒರೆಸಿ ಎರಡು ಸಲ ನೋಡಿದರು.

"ನಗು ಛಲೋ ಬಂದೈತಿ," ಎಂದರು. "ಅವಗ ಬರಾಕ ಹೇಳು. ನೀ ಬರಬ್ಯಾಡ."

ರಬಕವಿಯ ಸಿದ್ದಾರ್ಥನ ಮನೆಬಾಗಿಲಲ್ಲಿ ನಿಂತು ಸರಿತಾ ಎಲ್ಲ ಹೇಳಿದಳು.

"ಸೆಲ್ಫಿ ನೋಡಿದ್ರಿ, ನಿಮಗ ಗೊತ್ತಿತ್ತಲ್ಲ? ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು."

"ಈಗೂ ಹೋತು! ನಿಮ್ಮ ತ್ಯಾಗ ಕೇಳಿದವರ್ಯಾರು? ಮನಸ್ಸಿನ್ಯಾಗ ಕಳ್ಳ ಅಂತ ಬೈದೇನಿ... ಆ ಕಳ್ಳನ ಸಲುವಾಗಿ ಒಬ್ಬಾಕಿನ ಕುಂತು ಅತ್ತೇನಿ!"

"ಯಾಕ ಅತ್ರಿ?"

"ತಿಳೀದಿದ್ರ ಬಿಡ್ರಿ."

"ತಿಳಿದೈತ್ರಿ... ನಿಮ್ಮ ಬಾಯಿಂದ ಕೇಳಬೇಕಾಗೇತಿ."

"ನೀವಂದ್ರ ನನಗ ಜೀವ. ಆತಿಲ್ಲೋ?"

ಒಳಗಿಂದ ಅವನ ಅವ್ವ ಸಾತವ್ವನ ದನಿ: "ಯಾರ ಬಂದಾರೋ ಸಿದ್ದು?"

"ಏನಂತ ಹೇಳ್ತೀರಿ?" ಎಂದಳು ಸರಿತಾ, ಕಣ್ಣೊರೆಸಿಕೊಳ್ಳುತ್ತ.

"ನೀವ ಹೇಳ್ರಿ... ನನಗ ನಾಚಿಕಿ."