ಕಿವುಡಾದ ಬಿಲ್ಲೆಗಳು

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರುದಾರರು ಕುರ್ಚಿಯಲ್ಲಿ ಕೂರುವ ಮೊದಲೇ ಮೇಜಿನ ಮೇಲೆ ಒಂದು ಬಿಲ್ಲೆ ಇಟ್ಟರು. ಅಂಗೈ ಅಗಲದ ಪಿಂಗಾಣಿ ಬಿಲ್ಲೆ, ಎರಡೂ ಬದಿಗೆ ಬೆಳ್ಳಿಯ ಲೇಪ. ಅವರು ಬಂದರಿನ ಹಿಂದಿನ ರಸ್ತೆಯಲ್ಲಿದ್ದ ಪಿಂಗಾಣಿ ಸಂಶೋಧನಾ ಕಂಪನಿಯ ನಿರ್ದೇಶಕರು.

"ಇಂಥವು ಇನ್ನೂರು ಇದ್ವು. ಅಷ್ಟನ್ನೂ ಹಾಳು ಮಾಡಿದ್ದಾರೆ."

ಇನ್‌ಸ್ಪೆಕ್ಟರ್ ಬಿಲ್ಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಬಿರುಕಿಲ್ಲ, ಗೀರಿಲ್ಲ.

"ಚೆನ್ನಾಗೇ ಇದೆಯಲ್ಲ."

"ನೋಡೋಕೆ ಚೆನ್ನಾಗಿದೆ. ಕಿವುಡಾಗಿದೆ."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದರು. ಠಾಣೆಯಲ್ಲಿ ಅವರಿಗೆ ಮೀಸೆ ಎಂದೇ ಹೆಸರು. "ಸಾರ್, ಏನಂತ ಬರೀಲಿ? ಕಿವುಡಾಗಿದೆ ಅಂತ್ಲೇ?"

ನಿರ್ದೇಶಕರು ವಿವರಿಸಿದರು. ಸದ್ದು ಬಂದು ತಾಗಿದರೆ ಈ ಬಿಲ್ಲೆಯಲ್ಲಿ ಸಣ್ಣಗೆ ವಿದ್ಯುತ್ ಹುಟ್ಟುತ್ತದೆ. ರಬ್ಬರಿನ ಕವಚದೊಳಗೆ ಕೂರಿಸಿ ಸಮುದ್ರಕ್ಕೆ ಇಳಿಸಿದರೆ ಅದೇ ಕಿವಿ. ಇದು ಹೊಸ ಮಿಶ್ರಣದ್ದು. ಹಳೆಯ ಬಿಲ್ಲೆಗಳಿಗೆ ಕೇಳದಷ್ಟು ಸಣ್ಣ ಸದ್ದನ್ನೂ ಮೈಲುಗಳಾಚೆಯಿಂದ ಹಿಡಿಯುತ್ತದೆ. ಶುಕ್ರವಾರ ಸಂಜೆ ಪರೀಕ್ಷಿಸಿದಾಗ ಎಲ್ಲವೂ ಸರಿಯಿದ್ದವು. ರಜೆ ಮುಗಿಸಿ ಬಂದು ನೋಡಿದರೆ ಒಂದಕ್ಕೂ ಕೇಳಿಸುತ್ತಿಲ್ಲ. ಎರಡು ವಾರದಲ್ಲಿ ಅವನ್ನು ದೊಡ್ಡ ಮೀನುಗಾರಿಕಾ ಹಡಗುಗಳ ಕಂಪನಿಗೆ ಒಪ್ಪಿಸಬೇಕಿತ್ತು.

ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ಕಂಪನಿಯಲ್ಲಿ ಪಂಚರ ಸಮ್ಮುಖದಲ್ಲಿ ಪಂಚನಾಮೆ ಶುರುವಾಯಿತು. ಪರೀಕ್ಷಾ ವಿಭಾಗದ ಇಂಜಿನಿಯರ್ ಹಳೆಯ ಬಿಲ್ಲೆಯೊಂದನ್ನು ನೀರಿನ ತೊಟ್ಟಿಗೆ ಇಳಿಸಿ, ತೊಟ್ಟಿಯ ಅಂಚಿಗೆ ಬೀಗದಕೈಯಿಂದ ಮೆಲ್ಲಗೆ ತಟ್ಟಿದ. ಪರದೆಯ ಮೇಲಿನ ಗೆರೆ ನೆಗೆದಾಡಿತು. ಹಾಳಾದ ಬಿಲ್ಲೆ ಇಳಿಸಿ ಜೋರಾಗಿ ಬಡಿದ. ಗೆರೆ ಅಲುಗಲಿಲ್ಲ.

"ಇದಕ್ಕೆ ಕಿವಿ ಎಲ್ಲಿಂದ ಬರುತ್ತೆ?" ಇನ್‌ಸ್ಪೆಕ್ಟರ್ ಕೇಳಿದರು.

"ಕಾದ ಎಣ್ಣೇಲಿ ಮುಳುಗಿಸಿ ಸಾವಿರಾರು ವೋಲ್ಟ್ ಹಾಯಿಸ್ತೀವಿ ಸಾರ್. ಒಳಗಿರೋದೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತೆ."

"ಹೋಗೋದು ಹೇಗೆ?"

"ಒಂದು ಹದ ಮೀರಿ ಕಾಯಿಸಿದ್ರೆ ಸಾಕು. ಎಲ್ಲ ದಿಕ್ಕಾಪಾಲು. ಹೊರಗಡೆ ಏನೂ ಗೊತ್ತಾಗಲ್ಲ."

ಇನ್‌ಸ್ಪೆಕ್ಟರ್ ಪಕ್ಕದ ಕೋಣೆಗೆ ಹೋಗಿ ಕುಲುಮೆಯ ಬಾಗಿಲು ತೆರೆದು ಒಳಗಿನ ಇಟ್ಟಿಗೆಗೆ ಅಂಗೈ ಒತ್ತಿದರು. ಎರಡು ದಿನ ರಜೆಯಲ್ಲಿದ್ದ ಕುಲುಮೆ ಇನ್ನೂ ಬೆಚ್ಚಗಿತ್ತು; ಭಾನುವಾರ ಯಾರೋ ಹಚ್ಚಿರಬೇಕು. ಕೋಣೆಯ ಬೀಗ ಮುರಿದಿರಲಿಲ್ಲ. ಎರಡನ್ನೂ ಪಂಚನಾಮೆಯಲ್ಲಿ ನಮೂದಿಸಿದರು.

ಬೀಗದಕೈ ಇದ್ದದ್ದು ಮೂವರ ಬಳಿ. ನಿರ್ದೇಶಕರು ರಜೆಯಲ್ಲಿ ಪರವೂರಿನಲ್ಲಿದ್ದರು. ಇಂಜಿನಿಯರನ ಹೆಂಡತಿಗೆ ಶನಿವಾರ ಹೆರಿಗೆಯಾಗಿತ್ತು. ಎರಡೂ ದಿನ ಅವನು ವಾರ್ಡಿನ ಮುಂದಿನ ಬೆಂಚು ಬಿಟ್ಟು ಕದಲಲಿಲ್ಲವೆಂದು ಆಸ್ಪತ್ರೆಯ ನರ್ಸ್ ಹೇಳಿದಳು. ಉಳಿದವರು ಈ ಮಿಶ್ರಣವನ್ನು ಕಂಡುಹಿಡಿದ ವಿಜ್ಞಾನಿ. ಐವತ್ತು ದಾಟಿದ ಹೆಂಗಸು. ಕಂಪನಿಯಲ್ಲಿ ಎಲ್ಲರಿಗೂ ದೊಡ್ಡಕ್ಕ.

"ಭಾನುವಾರ ಎಲ್ಲಿದ್ರಿ?"

"ತಮ್ಮನ ಮನೇಲಿ."

"ಇಡೀ ದಿನ?"

"ಅವನನ್ನೇ ಕೇಳಿ."

"ವರ್ಷಗಟ್ಟಲೆ ಮಾಡಿದ ಕೆಲಸ ಹಾಳಾಗಿದೆ. ನಿಮಗೆ ಬೇಜಾರೇ ಇದ್ದ ಹಾಗಿಲ್ಲ."

ದೊಡ್ಡಕ್ಕ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿಕೊಂಡರು. "ಹಾಳಾಗಿಲ್ಲ. ಸುಮ್ಮನಾಗಿವೆ, ಅಷ್ಟೇ."

ದೊಡ್ಡಕ್ಕನ ತಮ್ಮ ಸಣ್ಣ ದೋಣಿಯಲ್ಲಿ ಮೀನು ಹಿಡಿಯುವವನು. ಮನೆಯ ಮುಂದೆ ದೋಣಿಯನ್ನು ಬೋರಲು ಹಾಕಿ ತಳಕ್ಕೆ ಬಣ್ಣ ಬಳಿಯುತ್ತಿದ್ದ.

"ಭಾನುವಾರ ನಿಮ್ಮಕ್ಕ ಇಲ್ಲಿಗೆ ಬಂದಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬಂದಿದ್ಲು ಸಾರ್. ಇಲ್ಲೇ ಊಟ ಮಾಡಿದ್ಲು."

ಒಳಗಿನಿಂದ ಅವನ ಹೆಂಡತಿ ಹೇಳಿದಳು, "ಭಾನುವಾರ ನಾವೇ ಇರ್ಲಿಲ್ವಲ್ರೀ. ನಮ್ಮಮ್ಮನ ಮನೆಗೆ ಹೋಗಿರ್ಲಿಲ್ವಾ?"

ಕುಂಚ ನಿಂತಿತು. ತಮ್ಮ ಎದ್ದು ಎರಡೂ ಕೈ ಮುಂದಕ್ಕೆ ಚಾಚಿದ. "ನಾನೇ ಮಾಡಿದ್ದು ಸಾರ್. ಅಕ್ಕನ ಚೀಲದಿಂದ ಬೀಗದಕೈ ಕದ್ದೆ. ಅವಳಿಗೇನೂ ಗೊತ್ತಿಲ್ಲ."

"ಏನು ಮಾಡ್ದೆ?"

"ಸುತ್ತಿಗೆ ತಗೊಂಡು ಒಂದೊಂದನ್ನೇ ಪುಡಿಪುಡಿ ಮಾಡ್ದೆ."

ಮೀಸೆ ನಗು ತಡೆಯಲು ಬೇರೆ ಕಡೆ ತಿರುಗಿದರು. "ಒಂದಕ್ಕೂ ಗೀರು ಬಿದ್ದಿಲ್ಲ ಕಣಪ್ಪ."

ಅವನು ದೋಣಿಗೆ ಒರಗಿ ನೆಲದ ಮೇಲೆ ಕೂತ. "ಆ ಹಡಗುಗಳಿಗೆ ಅಂಥ ಕಿವಿ ಬಂದ್ರೆ ನಮಗೆ ಉಪ್ಪುನೀರು ಬಿಟ್ಟು ಇನ್ನೇನೂ ಉಳಿಯಲ್ಲ ಸಾರ್" ಎಂದ.

ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್‌ ಜೊತೆ ನಿರ್ದೇಶಕರ ಕೋಣೆಗೆ ಹೋದರು. ದೊಡ್ಡಕ್ಕನನ್ನು ಕರೆಸಿ, ತಮ್ಮ ಒಪ್ಪಿಕೊಂಡಿದ್ದಾನೆ ಎಂದಷ್ಟೇ ಹೇಳಿದರು.

"ಅವನನ್ನ ಬಿಟ್ಟುಬಿಡಿ. ಚಿಕ್ಕಂದಿನಿಂದಲೂ ಅವನಿಗೆ ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ಲ. ಕಾಯಿಸಿದ್ದು ನಾನು."

"ಯಾಕೆ?"

"ಕೆಲವು ಜಾತಿ ಮೀನು ಮೊಟ್ಟೆ ಇಡೋ ಕಾಲಕ್ಕೆ ಸಾವಿರಗಟ್ಟಲೆ ಒಂದೇ ಕಡೆ ಸೇರಿ ಡೋಲು ಬಡಿದ ಹಾಗೆ ಸದ್ದು ಮಾಡ್ತವೆ. ಆ ಜಾಗ ಗೊತ್ತಾದ್ರೆ ಅಲ್ಲಿ ಬಲೆ ಹಾಕದ ಹಾಗೆ ನೋಡ್ಕೋಬಹುದು ಅಂತ ಈ ಬಿಲ್ಲೆ ಮಾಡಿದೆ. ಇವರು ಅಲ್ಲೇ ಬಲೆ ಹಾಕೋರಿಗೆ ಮಾರಿದ್ರು."

"ಯಾರಿಗೆ ಮಾರಬೇಕು ಅನ್ನೋದು ಕಂಪನಿಗೆ ಬಿಟ್ಟ ವಿಷಯ," ನಿರ್ದೇಶಕರು ಹೇಳಿದರು.

"ಬೇಡ ಅಂತ ನಾನು ಎಷ್ಟು ಸಲ ಹೇಳಿದೆ ಅಂತ ಇವರನ್ನೇ ಕೇಳಿ ಸಾರ್."

ಪಂಚನಾಮೆ ಮುಗಿದ ಮೇಲೆ ನಿರ್ದೇಶಕರು ಕೆಲವು ಬಿಲ್ಲೆಗಳಿಗೆ ಮತ್ತೆ ಕಿವಿ ತರಿಸಲು ನೋಡಿದ್ದರು. ಹೊಸ ಮಿಶ್ರಣ ಆ ವೋಲ್ಟ್ ತಡೆಯದೆ ಅವೆಲ್ಲ ಸೀಳಿದ್ದವು; ಅದರ ಹದ ಗೊತ್ತಿದ್ದದ್ದು ದೊಡ್ಡಕ್ಕನೊಬ್ಬರಿಗೇ. ಅವರ ದನಿ ಇಳಿಯಿತು.

"ದೊಡ್ಡಕ್ಕ, ಆಗಿದ್ದಾಯ್ತು. ಇವಕ್ಕೆ ಮತ್ತೆ ಕಿವಿ ಕೊಟ್ಟುಬಿಡಿ. ನಾನು ಕೇಸು ಮುಂದುವರಿಸಲ್ಲ. ನಾಳೆ ಎಂದಿನಂತೆ ಕೆಲಸಕ್ಕೆ ಬನ್ನಿ."

"ಕೊಡಲ್ಲ."

"ಯೋಚನೆ ಮಾಡಿ ಮೇಡಂ," ಇನ್‌ಸ್ಪೆಕ್ಟರ್ ಹೇಳಿದರು. "ಒಂದು ಸಲ ಠಾಣೆ ಮೆಟ್ಟಿಲು ಹತ್ತಿದ್ರೆ ಕೆಲಸ ಹೋಗುತ್ತೆ. ಹೆಸರೂ ಹೋಗುತ್ತೆ."

"ಯೋಚನೆ ಮಾಡೇ ಕುಲುಮೆ ಹಚ್ಚಿದ್ದು. ಬಿಲ್ಲೆ ಕೈಲಿ ಹಿಡಿಯೋವಷ್ಟು ಆರೋವರೆಗೂ ಪಕ್ಕದಲ್ಲೇ ಕೂತಿದ್ದೆ, ಬೇಕಾದಷ್ಟು ಹೊತ್ತಿತ್ತು."

"ಇನ್ನೊಬ್ಬರು ಕಲಿತು ಮಾಡ್ತಾರೆ," ನಿರ್ದೇಶಕರು ಗದರಿದರು. "ನೀವೊಬ್ಬರೇ ಅಲ್ಲ ಪ್ರಪಂಚದಲ್ಲಿ."

"ಕಲೀಲಿ. ಕಲಿಯೋ ಹೊತ್ತಿಗೆ ಈ ಸಲದ ಮೊಟ್ಟೆ ಒಡೆದು ಮರಿಗಳು ಈಜಿ ಹೋಗಿರ್ತವೆ. ಮುಂದಿನ ವರ್ಷಕ್ಕೆ ಮುಂದಿನ ವರ್ಷ ಜಗಳ ಆಡೋಣ."

ಅವರು ಬಿಳಿ ಕೋಟನ್ನು ಬಿಚ್ಚಿ, ಮಡಚಿ, ನಿರ್ದೇಶಕರ ಮೇಜಿನ ಮೇಲಿಟ್ಟರು. ಮೂರೂಮುಕ್ಕಾಲಿಗೆ ದಸ್ತಗಿರಿಯಾಯಿತು. ಕಾರಿಡಾರಿನಲ್ಲಿ ಇಂಜಿನಿಯರ್ ಎದುರಾದ.

"ಮಗು ಹೇಗಿದೆಯಪ್ಪ?" ದೊಡ್ಡಕ್ಕ ಕೇಳಿದರು.

"ಚೆನ್ನಾಗಿದೆ ದೊಡ್ಡಕ್ಕ."

"ಒಳ್ಳೇದು." ಜೀಪಿನ ಹತ್ತಿರ ಕಾನ್‌ಸ್ಟೆಬಲ್ ಕೈ ಹಿಡಿಯಲು ಬಂದಾಗ ಬೇಡವೆಂದು ತಾವೇ ಹತ್ತಿ ಕೂತರು.

ಠಾಣೆಯಲ್ಲಿ ಮೀಸೆ ಹೇಳಿಕೆ ಬರೆದುಕೊಂಡರು. ಎಂದಿನ ಪ್ರಶ್ನೆಗಳು ಮುಗಿದ ಮೇಲೆ, ಮೀನಿನ ಸದ್ದಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ನಮ್ಮಪ್ಪನಿಂದ. ದೋಣಿಯ ಹುಟ್ಟನ್ನ ನೀರಿಗಿಳಿಸಿ, ಹಿಡಿಗೆ ಕಿವಿಯಾನಿಸಿ ಮೀನು ಎಲ್ಲಿದೆ ಅಂತ ಕೇಳೋರು. ಒಂದು ಸಲ ನನ್ನ ಕಿವಿನೂ ಇಡಿಸಿದ್ರು. ನೀರೊಳಗೆ ಗುಮುಗುಮು ಅಂತಿತ್ತು. ಬಲೆ ಹಾಕಪ್ಪ ಅಂದೆ. ಅದು ಬಸುರಿ ಬಾಣಂತಿಯರಿರೋ ಮನೆ ಮಗಳೇ, ಬಾಗಿಲು ಬಡೀಬಾರದು ಅಂದು ದೋಣಿ ತಿರುಗಿಸಿದ್ರು. ಅವತ್ತು ಮನೇಲಿ ಎಲ್ಲರೂ ಉಪವಾಸ."

ಮೀಸೆ ಅದನ್ನೂ ಬರೆದರು. ಕಾಗದವನ್ನು ಅವರತ್ತ ತಿರುಗಿಸುವ ಮುನ್ನ ಕೊಂಚ ಬಾಗಿ ಮೆಲ್ಲಗೆ ಹೇಳಿದರು, "ಅಮ್ಮ, ಕೊನೇಲಿ ಇನ್ನೂ ಜಾಗ ಇದೆ. ಮಾಡಿದ್ದಕ್ಕೆ ವಿಷಾದವಿದೆ ಅಂತ ಒಂದು ಸಾಲು ಸೇರಿಸ್ಲಾ? ಕೋರ್ಟಲ್ಲಿ ಉಪಯೋಗಕ್ಕೆ ಬರುತ್ತೆ."

"ಬೇಡಪ್ಪ. ಇಲ್ಲದ್ದನ್ನ ಯಾಕೆ ಬರೀತೀರಿ?"

ಅವರು ಸಹಿ ಹಾಕಿದರು. ಮೀಸೆ ಸ್ಕೇಲು ತೆಗೆದುಕೊಂಡು, ಆಮೇಲೆ ಯಾರೂ ಒಂದಕ್ಷರವನ್ನೂ ಸೇರಿಸಲಾಗದಂತೆ, ಉಳಿದ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.