ಜೇಬಿನಲ್ಲಿದ್ದ ಕೈ

"ಐನೂರ ಎಂಬತ್ತೆಂಟು!"

ಕಾಗದವನ್ನು ಅವಳು ಬಡಗಿಯ ಮೇಜಿನ ಮೇಲೆ ಬಡಿದಳು. ಮರದ ಹುಡಿ ಎದ್ದು ಇಬ್ಬರ ನಡುವೆ ಹಾರಾಡಿತು.

ಮದುವೆಯ ಮಾತು ಮುಗಿದು, ದಿನ ಗೊತ್ತುಮಾಡುವುದಷ್ಟೇ ಬಾಕಿ ಇದ್ದಾಗ ಹೇಳದೆ ಕೇಳದೆ ಮಾಯವಾದವನು! ಮೂರು ವರ್ಷಗಳ ನಂತರ ಸಿಕ್ಕಿದ್ದಾನೆ. ಬಲಗೈಯಲ್ಲಿ ಉಳಿ, ಎಡಗೈ ಜೇಬಿನಲ್ಲಿ. ಎದುರು ನಿಂತವಳಿಗಾಗಿ ಕೈ ಹೊರತೆಗೆಯುವ ಮರ್ಯಾದೆಯೂ ಇಲ್ಲವಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

"ಏನಿದು, ಮೆಣಸಿನಕಾಯಿ?" ಅವನ ದನಿ ಮೆಲ್ಲಗಿತ್ತು.

"ಆ ಹಳೇ ಹೆಸರಲ್ಲಿ ಕರೀಬೇಡ! ಇದು ನನ್ನ ಕ್ರೆಡಿಟ್ ಸ್ಕೋರ್. ಮನೆಮನೆಗೆ ಹೋಗಿ ರೋಗಿಗಳನ್ನ ನೋಡೋ ನರ್ಸ್ ಕೆಲಸ ಸಿಕ್ಕಿದೆ. ಮೂರು ತಿಂಗಳೊಳಗೆ ಸ್ವಂತ ಕಾರು ಇರಬೇಕು, ಇಲ್ಲದಿದ್ರೆ ಕೆಲಸ ಬೇರೆಯವರಿಗೆ. ಕಾರ್ ಲೋನ್ ಕೇಳಿದ್ರೆ ಬ್ಯಾಂಕಿನವರು ಈ ಕಾಗದ ಮುಖಕ್ಕೆ ಹಿಡಿದ್ರು. ನಿನ್ನ ಮರ ಕೊಯ್ಯೋ ಮಷೀನ್ ಸಾಲಕ್ಕೆ ಜಾಮೀನು ಹಾಕಿದ್ದು ನಾನು. ನೆನಪಿದೆಯಾ?"

"ಅದು ತೀರಿದೆ! ಕಂತು ನಿಂತಿದ್ದು ನಿಜ. ಆಮೇಲೆ ಬ್ಯಾಂಕಿನವರ ಹತ್ರ ಮಾತಾಡಿ, ಅವರು ಒಪ್ಪಿದಷ್ಟು ಕಟ್ಟಿದೆ. ನಿನ್ನ ಹೆಸರಿಗೆ ಮಸಿ ಹತ್ತಬಾರದು ಅಂತ..."

"ಒಪ್ಪಿದಷ್ಟು ಕಟ್ಟೋದು ಬೇರೆ, ಪೂರ್ತಿ ತೀರಿಸೋದು ಬೇರೆ! ಅರ್ಧಂಬರ್ಧ ಕಟ್ಟಿ ರಾಜಿ ಮಾಡ್ಕೊಂಡ್ರು ಅಂತ ಇಲ್ಲಿ ಬರೆದಿದೆ ನೋಡು. ಸಾಲ ತಗೊಂಡವನಿಗೂ ಅದೇ ಮಸಿ, ಜಾಮೀನು ಹಾಕಿದವಳಿಗೂ ಅದೇ."

ಅವನು ಆ ಸಾಲನ್ನು ಎರಡು ಸಲ ಓದಿದ. ಮುಖ ಬಿಳಿಚಿಕೊಂಡಿತು.

"ನನಗೆ ಗೊತ್ತಿರಲಿಲ್ಲ..."

"ನಿನಗೆ ಏನು ತಾನೇ ಗೊತ್ತಿತ್ತು!"

ಬೀದಿಯ ತಿರುವು ದಾಟುವವರೆಗೂ ಅವಳು ಕಣ್ಣೀರು ತಡೆದುಕೊಂಡಳು. ಪೀಡೆ ತೊಲಗಿತು ಎಂದು ಮನಸ್ಸಿಗೆ ಬುದ್ಧಿ ಹೇಳಿದಳು. ಮನಸ್ಸು ಕೇಳಬೇಕಲ್ಲ! 'ಮೆಣಸಿನಕಾಯಿ' ಎಂಬ ಆ ಕರೆ ವಾರಗಟ್ಟಲೆ ಕಿವಿಯಲ್ಲೇ ಕುಳಿತಿತ್ತು.

ಗಡುವಿಗೆ ಎಂಟು ದಿನ ಉಳಿದಾಗ ಬ್ಯಾಂಕಿನಿಂದ ಫೋನ್ ಬಂತು. ಓಡಿದಳು.

"ಹಳೇ ಸಾಲದಲ್ಲಿ ನಾವು ಬಿಟ್ಟಿದ್ದ ಹಣಾನೂ ಆ ಬಡಗಿ ಪೂರ್ತಿ ಕಟ್ಟಿದ್ದಾರೆ ಕಣಮ್ಮ," ಎಂದರು ಸಾಲ ವಿಭಾಗದ ಮೇಡಂ. "ಈಗ ಸಾಲ ಮುಗಿದಿದೆ ಅಂತ ದಾಖಲಾಗಿದೆ. ಸ್ಕೋರ್ ಇನ್ನೂ ಅಷ್ಟಾಗಿ ಏರಿಲ್ಲ, ಬಡ್ಡಿ ಸ್ವಲ್ಪ ಜಾಸ್ತಿ ಬೀಳುತ್ತೆ. ಆದ್ರೆ ನಿಮ್ಮ ಕಾರ್ ಲೋನ್ ಮಂಜೂರು!"

"ಅಷ್ಟು ಹಣ ಅವನಿಗೆ ಎಲ್ಲಿಂದ...?"

"ಸ್ವಂತ ಅಂಗಡಿಗೆ ಅಂತ ಕೂಡಿಟ್ಟಿದ್ದರಂತೆ. ಪಾಪ, ಒಂದೂವರೆ ಕೈಯಲ್ಲಿ ದುಡಿದು..."

"ಒಂದೂವರೆ ಕೈ?"

"ನಿಮಗೆ ಗೊತ್ತಿಲ್ವಾ? ಆ ಮಷೀನಿಗೇ ಸಿಕ್ಕಿ ಎಡಗೈಯ ಮೂರು ಬೆರಳು ಹೋಗಿವೆ. ಕಂತು ನಿಂತಿದ್ದೂ ಅದಕ್ಕೇ."

ಜೇಬಿನಲ್ಲಿದ್ದ ಕೈ... ಅದನ್ನು ಸೊಕ್ಕು ಅಂದುಕೊಂಡೆನಲ್ಲ!

ಬಡಗಿಯ ಮೇಜಿನ ಮುಂದೆ ಮತ್ತೆ ನಿಂತಾಗ ಅವನ ಎಡಗೈ ಸರಕ್ಕನೆ ಜೇಬು ಸೇರಿತು.

"ಕೈ ತೋರಿಸು."

"ಬೇಡ..."

"ತೋರಿಸು ಅಂದೆ!"

ಅವನು ನಿಧಾನವಾಗಿ ಕೈ ಹೊರತೆಗೆದ. ಅವಳು ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದಳು. ಹೊಲಿಗೆಯ ಗುರುತು ಒರಟಾಗಿ ಉಳಿದಿತ್ತು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬಿಟ್ಟು ಹೋಗ್ತಿರಲಿಲ್ಲ. ಕನಿಕರಕ್ಕೆ ಮದುವೆ ಆಗಿಬಿಡ್ತೀಯ ಅಂತ ಭಯ ಆಯ್ತು."

"ಕನಿಕರ ಯಾವುದು, ಪ್ರೀತಿ ಯಾವುದು ಅಂತ ತಿಳಿಯದಷ್ಟು ದಡ್ಡಿನಾ ನಾನು? ಕಂಡವರ ಗಾಯಕ್ಕೆಲ್ಲ ಪಟ್ಟಿ ಕಟ್ಟೋಳು ನಾನು. ಈ ಒಂದು ಗಾಯ ನನಗೆ ತೋರಿಸಬೇಕು ಅನ್ನಿಸಲೇ ಇಲ್ವಾ ನಿನಗೆ?"

ಅವನು ಅತ್ತುಬಿಟ್ಟ. ಅವಳೂ ಅತ್ತಳು.

"ನನ್ನ ಸ್ಕೋರ್ ನಿನ್ನದಕ್ಕಿಂತ ಕೆಟ್ಟದು," ಎಂದ ಕೊನೆಗೆ. "ನನ್ನನ್ನ ನಂಬಿ ಯಾರೂ ಏನೂ ಕೊಡಲ್ಲ."

"ಬ್ಯಾಂಕಿನವರು ಕೊಡದಿದ್ರೆ ಬೇಡ ಬಿಡು. ಶನಿವಾರ ಕಾರು ತರ್ತೀನಿ. ಪಕ್ಕದ ಸೀಟು ಖಾಲಿ ಇದೆ."

"ಬರ್ಲಾ, ಮೆಣಸಿನಕಾಯಿ?"

"ಬಾ. ಆದ್ರೆ ಕೈ ಜೇಬಿನಲ್ಲಿ ಇಟ್ಕೊಳ್ಳೋ ಹಾಗಿಲ್ಲ."